ತರೀಕೆರೆಯಲ್ಲಿ ರಿಪೇರಿಗಿದ್ದ ದೋಣಿ

ನಾನು ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಬೇರೆಯವರು ನನ್ನ ಬಗ್ಗೆ ಒಳ್ಳೆಯ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿ ತಿದ್ದುವುದು ಸಭ್ಯತೆಯಲ್ಲ ಎಂದು ನಂಬಿದವನು. ಈ ಸಭ್ಯತೆಯ ದೆಸೆಯಿಂದಲೇ ಕಡೂರಿನಲ್ಲಿ ಮೂವತ್ತು ವರ್ಷಗಳಿಂದ ನಾನು ಕ್ಯಾಪ್ಟನ್. ತೆಂಗಿನಕಾಯಿ ಮಂಡಿಯಲ್ಲಿ ಕ್ಯಾಪ್ಟನ್, ಕ್ಷೌರದಂಗಡಿಯಲ್ಲಿ ಕ್ಯಾಪ್ಟನ್, ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಕ್ಯಾಪ್ಟನ್. ಮನೆಗೆ ಬರುವ ಲಗ್ನಪತ್ರಿಕೆಗಳ ಮೇಲೂ 'ಕ್ಯಾಪ್ಟನ್ ರುದ್ರಪ್ಪನವರಿಗೆ' ಎಂದೇ ಬರೆದಿರುತ್ತದೆ. ನಾನು ಹದಿನೇಳು ವರ್ಷ ಸರಕು ಹಡಗುಗಳಲ್ಲಿ ಇದ್ದದ್ದು ನಿಜ. ಏಳು ಸಮುದ್ರ ಅಲ್ಲದಿದ್ದರೂ ನಾಲ್ಕೈದನ್ನಾದರೂ ದಾಟಿದ್ದು ನಿಜ. ಬಿಳಿ ಬಟ್ಟೆ ಹಾಕಿಕೊಂಡು, ಹಡಗಿನ ಕಟಕಟೆ ಹಿಡಿದು ನಿಂತ ಫೋಟೋ ನಮ್ಮ ನಡುಮನೆಯಲ್ಲಿ ಇರುವುದೂ ನಿಜ. ಆದರೆ ಆ ಬಿಳಿ ಬಟ್ಟೆ ಅಡುಗೆಯವರದು. ತಲೆಯ ಮೇಲೆ ಒಂದು ಮೊಳದ ಬಿಳಿ ಟೋಪಿಯೂ ಇತ್ತು. ಫೋಟೋ ತೆಗೆಯುವಾಗ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ಇಷ್ಟರಿಂದಲೇ ನಾನು ಕ್ಯಾಪ್ಟನ್ ಆದೆ.

ನನ್ನ ಹೆಂಡತಿ ಗಿರಿಜಾಗೆ ಇದು ಮೊದಲಿನಿಂದಲೂ ಗೊತ್ತು. ಅವಳು ಬಾಯಿ ಬಿಟ್ಟವಳಲ್ಲ. ಆದರೆ ಅವಳಿಗೊಂದು ದೊಡ್ಡ ದೂರಿದೆ. ಅಡುಗೆಮನೆಗೆ ಕಾಲಿಟ್ಟರೆ ಕೈಚಳಕ ನೋಡಿ ಯಾರಾದರೂ ಗುಟ್ಟು ಹಿಡಿದಾರು ಎಂದು, ಹಡಗು ಬಿಟ್ಟು ಬಂದು ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟ ದಿನದಿಂದ ನಾನು ಸೌಟು ಮುಟ್ಟಿದವನಲ್ಲ. "ಇಪ್ಪತ್ತೆಂಟು ಜನಕ್ಕೆ ಅಡುಗೆ ಮಾಡ್ತಿದ್ದೋರನ್ನ ಕಟ್ಕೊಂಡು ಇಬ್ರಿಗೆ ನಾನೇ ಬೇಯಿಸ್ತಾ ಕೂತಿದೀನಿ. ನಿಮ್ಮ ಕ್ಯಾಪ್ಟನ್‌ಗಿರಿ ನನ್ನ ರಟ್ಟೆ ಮೇಲೆ ನಡೀತಾ ಇದೆ ಕಣ್ರೀ," ಎಂದು ಅವಳು ಆಗಾಗ ಹೇಳುವುದುಂಟು. ನಾನು ಆ ಹೊತ್ತಿಗೆ ಸರಿಯಾಗಿ ಪತ್ರಿಕೆ ಓದುತ್ತಿರುತ್ತೇನೆ.

ಹೀಗೆ ಸುಖವಾಗಿದ್ದವನು ಹಾಯಿದೋಣಿಯನ್ನು ಯಾಕೆ ಕೊಂಡೆ ಎಂದು ನೀವು ಕೇಳಬಹುದು. ಗಿರಿಜಾ ದಿನಕ್ಕೆ ಮೂರು ಸಲ ಕೇಳಿದ್ದಾಳೆ. ಭದ್ರೆಯ ಹಿನ್ನೀರಿನ ಪಕ್ಕದಲ್ಲಿದ್ದ ಯಾವುದೋ ರೆಸಾರ್ಟ್ ಮುಚ್ಚಿ, ಅಲ್ಲಿನ ಮಂಚ ಕುರ್ಚಿಗಳ ಜೊತೆ ಒಂದು ಪುಟ್ಟ ಫೈಬರ್ ದೋಣಿಯೂ ಮಾರಾಟಕ್ಕೆ ಬಂದಿತ್ತು. ಅಂಗಡಿಗೆ ಎರಡು ಕುರ್ಚಿ ತರೋಣವೆಂದು ಹೋದವನಿಗೆ ಅಲ್ಲಿದ್ದ ಪರಿಚಯದವರೊಬ್ಬರು, "ಕ್ಯಾಪ್ಟನ್, ಇದು ನಿಮ್ಮಂಥೋರ ಹತ್ರ ಇರ್ಬೇಕಾದ ವಸ್ತು," ಎಂದರು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಕುರ್ಚಿ ತರಲು ಹೋದವನು ದೋಣಿ ತಂದೆ. ಸಮುದ್ರ ಎನ್ನುವುದು ಘಟ್ಟ ಇಳಿದರೇ ಕಾಣುವ ಈ ಕಡೂರಿನಲ್ಲಿ, ಲಗೇಜ್ ಆಟೋದ ಮೇಲೆ ಹಾಯಿಕಂಬ ಕಟ್ಟಿಕೊಂಡು ನಾನು ಬಂದದ್ದನ್ನು ನೋಡಲು ಮಂಡಿಯ ಜನ ವ್ಯಾಪಾರ ಬಿಟ್ಟು ಹೊರಗೆ ಬಂದಿದ್ದರು. ಆ ಉಮೇದಿನಲ್ಲಿ ಕುಟುಂಬದ ಗ್ರೂಪಿಗೆ ಒಂದು ಫೋಟೋ ಹಾಕಿ, 'ಎಲ್ಲರೂ ಬನ್ನಿ, ಕೆರೆ ಸುತ್ತಿಸುತ್ತೇನೆ' ಎಂದು ಬರೆದುಬಿಟ್ಟೆ. ಇಂಥ ಮಾತನ್ನು ನಿಜವೆಂದು ತಿಳಿದು ಯಾರೂ ಬರುವುದಿಲ್ಲ ಎಂಬ ಧೈರ್ಯ ನನ್ನದು. ಐದು ನಿಮಿಷದಲ್ಲಿ ಮೈಸೂರಿನಿಂದ ನಮ್ಮಕ್ಕನ ಉತ್ತರ ಬಂತು: 'ದಸರಾ ರಜಕ್ಕೆ ನಾನು, ನಿಮ್ಮ ಭಾವ, ಸಿರಿ ಬರ್ತಿದೀವಿ. ಒಂದು ವಾರ ಇರ್ತೀವಿ.' ದೇಶದವರೆಲ್ಲ ದಸರೆಗೆ ಮೈಸೂರಿಗೆ ಹೋಗುತ್ತಿದ್ದರೆ ಇವರು ಮೈಸೂರು ಬಿಟ್ಟು ಕಡೂರಿಗೆ ಹೊರಟಿದ್ದರು.

ಅವರು ಬರುವ ಮೊದಲು ಗುಟ್ಟಾಗಿ ಕಲಿತುಬಿಡೋಣವೆಂದು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಹಗ್ಗ ಎಳೆ, ಹಗ್ಗ ಬಿಡು, ಗಾಳಿಯ ಕಡೆ ದೋಣಿಯ ಮೂತಿ ತಿರುಗಿಸು. ಒಗ್ಗರಣೆ ಹಾಕುವುದಕ್ಕಿಂತ ಕಷ್ಟವೇನಲ್ಲ ಅನ್ನಿಸಿತು. ಒಂದು ಬೆಳಿಗ್ಗೆ ದೋಣಿಯನ್ನು ಬುಕ್ಕಾಂಬುಧಿ ಕೆರೆಗೆ ಒಯ್ದೆ. ದಾರಿಯಲ್ಲಿ ಜಾಲಿಮರದ ಕೊಂಬೆಗೆ ಸಿಕ್ಕಿ ಹಾಯಿ ಹರಿಯಿತು. ಆಟೋದಿಂದ ಇಳಿಸುವಾಗ ದೋಣಿ ಕೈ ಜಾರಿ ಏರಿಯ ಕಲ್ಲಿನ ಮೇಲೆ ಬಿದ್ದು ತಳ ಬಿರುಕು ಬಿಟ್ಟಿತು. ನೀರು ಇನ್ನೂ ಇಪ್ಪತ್ತು ಅಡಿ ದೂರದಲ್ಲಿತ್ತು. ನೀರು ಮುಟ್ಟುವ ಮೊದಲೇ ಹಡಗು ಒಡೆದುಕೊಂಡ ಕ್ಯಾಪ್ಟನ್ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಹರಿದ ಹಾಯಿಯನ್ನು ಕಡೂರಿನಲ್ಲಿ ಲಾರಿ ಟಾರ್ಪಾಲು ಹೊಲಿಯುವ ಜಬ್ಬಾರ್ ಸಾಬರಿಗೆ ಕೊಟ್ಟೆ. ಒಡೆದ ದೋಣಿಯನ್ನು ತರೀಕೆರೆಯ ಶೇಖರನ ಶೆಡ್ಡಿಗೆ ಸಾಗಿಸಿದೆ. ಶೇಖರ ನೀರಿನ ಟ್ಯಾಂಕು, ವ್ಯಾನಿನ ಬಾನೆಟ್ಟು, ಕಲ್ಯಾಣಮಂಟಪದ ಬಾಗಿಲಿಗೆ ನಿಲ್ಲಿಸುವ ಆನೆ, ಎಲ್ಲವನ್ನೂ ಫೈಬರಿನಲ್ಲಿ ಮಾಡುವ ಗಟ್ಟಿ ಕೆಲಸಗಾರ. ಇನ್ನೂ ಕಿವಿ ಕೂರಿಸದ ಒಂದು ಆನೆಯ ಪಕ್ಕದಲ್ಲಿ ನನ್ನ ದೋಣಿಯನ್ನು ಬೋರಲು ಹಾಕಿ, "ಎರಡು ದಿನ ಸಾಕು ಸಾರ್," ಎಂದ. ಆಗ ನನ್ನೊಳಗೆ ಒಂದು ನೆಮ್ಮದಿ ಮೆಲ್ಲಗೆ ಎದ್ದುಬಂತು. ದೋಣಿ ರಿಪೇರಿಯಲ್ಲಿದ್ದರೆ ಯಾರೂ ನನ್ನನ್ನು ಓಡಿಸಿ ತೋರಿಸು ಎನ್ನುವಂತಿಲ್ಲ. "ಅವಸರ ಇಲ್ಲ ಶೇಖರಪ್ಪ, ನಿಧಾನವಾಗಿ ಮಾಡು," ಎಂದೆ. ಹಾಗೆ ಹೇಳಿದ ಗಿರಾಕಿಯನ್ನು ಅವನು ಅದುವರೆಗೆ ನೋಡಿರಲಿಲ್ಲವೆಂದು ಕಾಣುತ್ತದೆ, ಎದ್ದು ಬಂದು ಕೈ ಮುಗಿದ.

ಭಾನುವಾರ ಅವರು ರೈಲಿನಿಂದ ಇಳಿದರು. ನಮ್ಮ ಸರೋಜಕ್ಕ ನನಗಿಂತ ಐದು ವರ್ಷ ದೊಡ್ಡವಳು. ಭಾವ ನಿವೃತ್ತ ಹೆಡ್‌ಮಾಸ್ತರು. ನಿವೃತ್ತಿ ಎಂಬ ವಿಷಯ ಅವರ ಕಂಠಕ್ಕೆ ಇನ್ನೂ ತಿಳಿದಿಲ್ಲ. ಸಿರಿ ಅವರ ಮಗಳ ಮಗಳು, ಒಂಬತ್ತು ವರ್ಷದವಳು. ಪ್ಲಾಟ್‌ಫಾರಂನಲ್ಲೇ ನನ್ನ ಕೈ ಹಿಡಿದು, "ಕ್ಯಾಪ್ಟನ್ ತಾತ, ದೋಣಿ ಎಲ್ಲಿ?" ಎಂದಳು. "ರಿಪೇರಿಗೆ ಕೊಟ್ಟಿದೀನಿ ಪುಟ್ಟಾ, ನಾಳೆ ಬರುತ್ತೆ," ಎಂದೆ. ಅವಳ ಮುಖ ಬಾಡಿದ್ದನ್ನು ನೋಡಲಾರದೆ, "ಅಲ್ಲೀವರೆಗೂ ನಮ್ಮ ಸೀಮೆ ತೋರಿಸ್ತೀನಿ, ನಡಿ," ಎಂದುಬಿಟ್ಟೆ. ಹೀಗೆ ನಮ್ಮ ಪ್ರವಾಸ ಶುರುವಾಯಿತು.

ನನ್ನ ಹಳೆಯ ವ್ಯಾನಿನಲ್ಲಿ ಮುಂದಿನ ಸೀಟು ಭಾವನದು. ನಾನು ಹುಟ್ಟಿ ಬೆಳೆದ ಊರಿನಲ್ಲಿ ಅವರು ಮೊಬೈಲಿನ ಮ್ಯಾಪು ಹಿಡಿದು ನನಗೆ ದಾರಿ ತೋರಿಸುತ್ತಿದ್ದರು. ಅದರೊಳಗಿನ ಹೆಂಗಸು ಎಡಕ್ಕೆ ತಿರುಗಿ ಎಂದಳೆಂದು ಒತ್ತಾಯಿಸಿ, ಸಖರಾಯಪಟ್ಟಣದ ಹತ್ತಿರ ನಮ್ಮನ್ನು ಯಾರದೋ ತೆಂಗಿನ ತೋಟದ ಬೋರ್‌ವೆಲ್ ಮುಂದೆ ನಿಲ್ಲಿಸಿದರು. ತೋಟದ ಯಜಮಾನ ಗಾಬರಿಯಾಗಿ, "ಯಾರ್ ಸಾಮಿ? ಸರ್ವೆಗೆ ಬಂದ್ರಾ?" ಎಂದ. ಸರ್ವೆಯಲ್ಲವೆಂದು ತಿಳಿದ ಖುಷಿಗೆ ನಮ್ಮೆಲ್ಲರಿಗೂ ಎಳನೀರು ಕೆತ್ತಿಕೊಟ್ಟ. ಭಾವ ಅದಕ್ಕೂ ಮ್ಯಾಪನ್ನೇ ಹೊಗಳಿದರು. ಇನ್ನು ಅಕ್ಕ ಕಂಡಕಂಡಲ್ಲಿ ಗಾಡಿ ನಿಲ್ಲಿಸಿ ಏನಾದರೂ ಕೊಳ್ಳುವವಳು. ಅವರೆಕಾಯಿ, ಸೌತೆಕಾಯಿ, ಎರಡು ಪೊರಕೆ, ಒಂದು ಮಣ್ಣಿನ ಬಾಣಲೆ. ಮೂರನೆಯ ದಿನದ ಹೊತ್ತಿಗೆ ವ್ಯಾನಿನ ಹಿಂದೆ ಕೂತ ಗಿರಿಜಾ ಪೊರಕೆಗಳ ನಡುವೆ ಕಾಣಿಸುತ್ತಲೇ ಇರಲಿಲ್ಲ. ಚಿತ್ರಾನ್ನದ ಡಬ್ಬಿ ಹಿಡಿದ ಅವಳ ಕೈ ಮಾತ್ರ ಆಗಾಗ ಮುಂದಕ್ಕೆ ಬರುತ್ತಿತ್ತು.

ಇದೆಲ್ಲವನ್ನೂ ನಾನು ಸಂತೋಷದಿಂದ ಸಹಿಸುತ್ತಿದ್ದೆ. ಕಷ್ಟವಿದ್ದದ್ದು ನೀರು ಕಂಡಾಗ. ನಮ್ಮದು ಬಯಲು ಸೀಮೆ ಎಂದು ಬೇಸರಪಟ್ಟುಕೊಳ್ಳುವವರು ನನ್ನ ಜೊತೆ ಆ ವಾರ ಬರಬೇಕಿತ್ತು. ಯಾವ ರಸ್ತೆಗೆ ತಿರುಗಿಸಿದರೂ ಒಂದು ಕೆರೆ ಎದುರಾಗುತ್ತಿತ್ತು. ಅಯ್ಯನಕೆರೆಯ ಏರಿ ಹತ್ತಿದ ಕೂಡಲೇ ಸಿರಿ, "ಇಲ್ಲಿ ನಮ್ಮ ದೋಣಿ ಬಿಡಬಹುದಲ್ವಾ ತಾತ?" ಎಂದಳು. ನಾನು ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿ ಹಿಡಿದು, ಗುಡ್ಡದ ಕಡೆ ಕಣ್ಣು ಕಿರಿದುಮಾಡಿ ನೋಡಿ, "ಗಾಳಿ ಮೂರು ಕಡೆಯಿಂದ ಬರ್ತಾ ಇದೆ. ಅಪಾಯ," ಎಂದೆ. ಅವಳೂ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದಳು. ಮದಗದ ಕೆರೆಯಲ್ಲಿ, ಆಳ ಗೊತ್ತಿಲ್ಲ ಎಂದೆ. ಅಮೃತಾಪುರದ ದೇವಸ್ಥಾನದಲ್ಲಿ ಮಾತ್ರ ನಿಶ್ಚಿಂತೆಯಿಂದ ಒಂದು ಗಂಟೆ ಕೂತಿದ್ದೆ. ಭಾವ ಹೊರಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ಸಿರಿಗೆ ವಿವರಿಸುತ್ತಿದ್ದರು, ಅಕ್ಕ ಹೊಳಪಿನ ಕಂಬಗಳನ್ನು ಮುಟ್ಟಿ ಮುಟ್ಟಿ, "ಚಿಕ್ಕೋಳಿದ್ದಾಗ ಎತ್ತಿನ ಗಾಡೀಲಿ ಅಪ್ಪಯ್ಯ ಕರ್ಕೊಂಡು ಬಂದಿದ್ರು. ನಿನಗೆ ನೆನಪಿಲ್ಲ, ನೀನು ಇಡೀ ದಾರಿ ಅತ್ತಿದ್ದೆ," ಎಂದಳು. ಸಂಜೆ ಅವರನ್ನೆಲ್ಲ ನೋಡುತ್ತಿದ್ದರೆ, ದೋಣಿಯೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದೆ. ಆಮೇಲೆ, ದೋಣಿ ಇಲ್ಲದಿದ್ದರೆ ಇವರು ಬರುತ್ತಲೇ ಇರಲಿಲ್ಲವಲ್ಲ ಎಂದೂ ಹೊಳೆಯುತ್ತಿತ್ತು.

ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜುವ ನೆವದಲ್ಲಿ ಹಿತ್ತಿಲಿಗೆ ಹೋಗಿ ಶೇಖರನಿಗೆ ಫೋನ್ ಮಾಡುತ್ತಿದ್ದೆ. ಆಮೇಲೆ ತಿಂಡಿಗೆ ಕೂತು, "ಈ ಕೆಲಸಗಾರರ ಹಣೆಬರಹವೇ ಇಷ್ಟು. ಯಾವತ್ತು ಕೇಳಿದ್ರೂ ನಾಳೆ," ಎಂದು ನಿಟ್ಟುಸಿರು ಬಿಡುತ್ತಿದ್ದೆ. ಭಾವನ ಮುಖ ದಿನದಿಂದ ದಿನಕ್ಕೆ ಕೆಂಪಾಗುತ್ತಿತ್ತು. ಗಿರಿಜಾ ನನ್ನನ್ನೇ ನೋಡುತ್ತ ದೋಸೆ ಮಗುಚುತ್ತಿದ್ದಳು.

ಶುಕ್ರವಾರ ಲಕ್ಕವಳ್ಳಿಗೆ ಹೋದೆವು. ಭದ್ರೆಯ ಹಿನ್ನೀರು ಕಣ್ಣು ಹಾಯುವವರೆಗೂ ಹರಡಿಕೊಂಡಿತ್ತು. ಸಿರಿ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, ಹಾಗೇ ಕೆಳಗಿಳಿಸಿದಳು. ಈ ಸಲ ಅವಳು ಏನೂ ಕೇಳಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, "ಪಾಪ ತಾತ, ಅವರಿಗೂ ಬೇಜಾರಾಗಿರುತ್ತೆ ಅಲ್ವಾ ಅಜ್ಜಿ?" ಎಂದದ್ದು ನನ್ನ ಕಿವಿಗೆ ಬಿತ್ತು. ಅದು ಭಾವನ ಕಿವಿಗೂ ಬಿತ್ತು. ತರೀಕೆರೆ ಪೇಟೆ ಬಂದದ್ದೇ ಅವರು, "ಗಾಡಿ ನಿಲ್ಸಿ ಕ್ಯಾಪ್ಟನ್. ಆ ಮನುಷ್ಯನ ಹತ್ರ ನಾನೇ ಮಾತಾಡ್ತೀನಿ," ಎಂದರು.

"ಇವತ್ತು ಅವನ ಶೆಡ್ಡು ರಜ ಭಾವ."

"ಬಾಗಿಲು ತೆಗೆದಿದೆಯಲ್ರೀ. ಆನೆ ಕಾಣಿಸ್ತಾ ಇದೆ."

ಶೇಖರ ಆನೆಯನ್ನು ಉಜ್ಜುತ್ತಿದ್ದ ಉಪ್ಪುಕಾಗದವನ್ನು ಕೆಳಗಿಟ್ಟು ಎದ್ದು ನಿಂತ. ಭಾವ ಕೈ ಹಿಂದೆ ಕಟ್ಟಿಕೊಂಡು, ಬೆಳಗಿನ ಪ್ರಾರ್ಥನೆಯ ಮುಂದೆ ನಿಂತ ಹಾಗೆ ನಿಂತು, ಕೊಟ್ಟ ಮಾತಿನ ಬೆಲೆ, ಕೈಕಸುಬಿನ ಘನತೆ, ಒಂದು ಮಗುವಿನ ನಿರೀಕ್ಷೆ ಎಂದು ಹತ್ತು ನಿಮಿಷ ಮಾತಾಡಿದರು. ಪಕ್ಕದ ಪಂಚರ್ ಅಂಗಡಿಯವನೂ ಬಂದು ಕೈಕಟ್ಟಿ ನಿಂತ. ನಾನು ಭಾವನ ಹಿಂದೆ ನಿಂತು ಶೇಖರನಿಗೆ ಕಣ್ಣು, ಹುಬ್ಬು, ಮೀಸೆ ಎಲ್ಲದರಿಂದಲೂ ಸನ್ನೆ ಮಾಡುತ್ತಿದ್ದೆ. ಏನೂ ಹೇಳಬೇಡ ಎಂಬುದು ನನ್ನ ಸನ್ನೆಯ ಅರ್ಥ. ಎಲ್ಲವನ್ನೂ ಹೇಳಿಬಿಡು ಎಂದು ಅವನಿಗೆ ತಿಳಿಯಿತು.

"ಸಾರ್, ದೋಣಿ ಮಂಗಳವಾರಾನೇ ರೆಡಿ ಐತೆ," ಎಂದ ಶೇಖರ. "ಇವ್ರೇ ದಿನಾ ಬೆಳಿಗ್ಗೆ ಫೋನ್ ಮಾಡಿ, 'ಇನ್ನೆರಡು ದಿನ ಇರ್ಲಿ, ಯಾರಾರ ಕೇಳಿದ್ರೆ ನಾಳೆ ಅನ್ನು' ಅಂತಾರೆ. ಅದ್ಕೇ ನಾಳೆ ಅಂತಿದ್ದೆ. ನಂಗೂ ಜಾಗ ಸಾಲ್ತಿಲ್ಲ ಸಾರ್. ಆನೆಗೆ ಕಿವಿ ಕೂರಿಸ್ಬೇಕು, ತಗಂಡೋಗಿ."

ಪಂಚರ್ ಅಂಗಡಿಯವನು ಕಟ್ಟಿದ್ದ ಕೈ ಬಿಚ್ಚಿ ಒಂದು ಹೆಜ್ಜೆ ಹತ್ತಿರ ಬಂದ. ಭಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ಆದರೆ ಮಾತಾಡಿದ್ದು ಸಿರಿ.

"ತಾತ, ನಿಮಗೆ ದೋಣಿ ಓಡಿಸಕ್ಕೆ ಬರುತ್ತಾ?"

ಸಭ್ಯತೆಯ ಹಿಂದೆ ಅಡಗಿಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ. "ಬರಲ್ಲ ಪುಟ್ಟಾ," ಎಂದೆ.

"ಗಾಳಿ ಮೂರು ಕಡೆಯಿಂದ ಬರ್ತಾ ಇದೆ ಅಂದ್ರಲ್ಲ?"

"ಅದು ನಾನೇ ಕಟ್ಟಿ ಹೇಳಿದ್ದು."

"ಮತ್ತೆ ಹಡಗು?"

"ಹಡಗಲ್ಲಿ ಅಡುಗೆ ಮಾಡ್ತಿದ್ದೆ. ಕ್ಯಾಪ್ಟನ್ ಬೇರೆಯವರು. ನಾನು ಅವರಿಗೆ ಸಾರು ಬಡಿಸ್ತಿದ್ದೆ."

ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದಳು. "ಹಡಗು ಅಲ್ಲಾಡ್ತಿರುವಾಗ ಸಾರು ಚೆಲ್ಲಲ್ವಾ?" ಎಂದಳು.

ಇಷ್ಟು ವರ್ಷದಲ್ಲಿ ನನ್ನನ್ನು ತಿಮಿಂಗಿಲದ ಬಗ್ಗೆ ಕೇಳಿದ್ದಾರೆ, ಕಡಲ್ಗಳ್ಳರ ಬಗ್ಗೆ ಕೇಳಿದ್ದಾರೆ, ಚಂಡಮಾರುತದಲ್ಲಿ ಚುಕ್ಕಾಣಿ ಹೇಗೆ ಹಿಡಿಯುತ್ತಿದ್ದಿರಿ ಎಂದು ಕೇಳಿದ್ದಾರೆ. ನನಗೆ ಉತ್ತರ ಗೊತ್ತಿದ್ದ ಒಂದೇ ಒಂದು ಪ್ರಶ್ನೆಯನ್ನು ಮೊದಲ ಸಲ ಕೇಳಿದವಳು ಈ ಹುಡುಗಿ. ಶೇಖರನ ಒಂದು ಟ್ಯಾಂಕಿನ ಮೇಲೆ ಕೂತು ಹೇಳತೊಡಗಿದೆ. ಒಲೆಯ ಸುತ್ತ ಕಬ್ಬಿಣದ ಕಂಬಿ ಇರುವುದು, ಪಾತ್ರೆಗಳನ್ನು ಅದಕ್ಕೆ ಬಿಗಿಯುವುದು, ಯಾವತ್ತೂ ಅರ್ಧಕ್ಕಿಂತ ಹೆಚ್ಚು ತುಂಬದಿರುವುದು, ಅಲೆ ಎದ್ದ ದಿನ ದೋಸೆ ತಾನಾಗಿಯೇ ಕಾವಲಿಯ ಒಂದು ಮೂಲೆಗೆ ಸರಿದು ಬಾಳೆಲೆಯ ಆಕಾರ ತಾಳುವುದು. ಶೇಖರ ಟೀ ತರಿಸಿದ. ಅವನನ್ನು ವಾರವಿಡೀ ಬೈದದ್ದಕ್ಕೆ ಎಲ್ಲರೆದುರು ತಪ್ಪಾಯಿತು ಎಂದೆ. "ಬೈದಿದ್ದು ನಂಗೇನ್ ಕೇಳಿಸ್ತಾ ಸಾರ್," ಎಂದು ನಕ್ಕುಬಿಟ್ಟ. ಭಾವ ಮಾತ್ರ ಟೀ ಲೋಟ ಹಿಡಿದೇ ಇದ್ದರು. "ನಮ್ಮ ಸ್ಕೂಲ್ ಡೇಗೆ ನಿಮ್ಮನ್ನ ಮುಖ್ಯ ಅತಿಥಿ ಮಾಡಿ ಸಮುದ್ರದಲ್ಲಿ ಧೈರ್ಯ ಅನ್ನೋ ವಿಷಯದ ಮೇಲೆ ಭಾಷಣ ಮಾಡಿಸಿದ್ದೆನಲ್ರೀ!" ಎಂದರು. ಆ ಭಾಷಣದಲ್ಲಿ ಬಿರುಗಾಳಿಗೆ ಹೆದರಿ ಕೈ ಬಿಡಬಾರದು ಎಂದಿದ್ದೆ. ಕೈಯಲ್ಲಿದ್ದದ್ದು ಗಂಜಿಯ ಪಾತ್ರೆ ಎಂದು ಮಾತ್ರ ಹೇಳಿರಲಿಲ್ಲ.

ಅಕ್ಕ ಇಷ್ಟು ಹೊತ್ತೂ ಆನೆಯ ಸೊಂಡಿಲಿಗೆ ಒರಗಿ ನಗುತ್ತಿದ್ದಳು. "ನಂಗೆ ಮೊದ್ಲೇ ಗೊತ್ತಿತ್ತು ಕಣೋ," ಎಂದಳು. "ನನ್ನ ಮಗಳ ನಾಮಕರಣದ ದಿನ ಅಡುಗೆಯೋನು ಬರಲಿಲ್ಲ ಅಂತ ಎಲ್ರೂ ಗಾಬರಿಯಾಗಿದ್ದಾಗ, ಹಡಗಿಂದ ರಜಕ್ಕೆ ಬಂದಿದ್ದ ನೀನು ಹಿತ್ತಲಲ್ಲಿ ಕೂತು ಅರ್ಧ ಮೂಟೆ ಈರುಳ್ಳಿ ಹೆಚ್ಚಿದ್ಯಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಕೈ ಕಡೆ ನೋಡ್ತಾನೂ ಇಲ್ಲ. ಯಾವ ಕ್ಯಾಪ್ಟನ್ ಹಂಗೆ ಹೆಚ್ಚುತ್ತಾನೋ?"

"ಗೊತ್ತಿದ್ರೆ ಯಾಕಕ್ಕ ಹೇಳ್ಲಿಲ್ಲ?"

"ನಾಲ್ಕು ಜನ ನನ್ನ ತಮ್ಮನ್ನ ಹೊಗಳ್ತಿರುವಾಗ ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ?" ಎಂದಳು. ಈ ಗುಣ ನಮ್ಮ ಮನೆತನದ್ದೇ ಇರಬೇಕು.

ಮಾರನೆಯ ದಿನ ಬೆಳಿಗ್ಗೆ ಗಿರಿಜಾ ನನ್ನ ಪತ್ರಿಕೆಯನ್ನು ಕೈಯಿಂದ ತೆಗೆದು, ಅದರ ಜಾಗದಲ್ಲಿ ಸೌಟು ಇಟ್ಟಳು. "ಅತ್ತಿಗೆಗೆ ಏನ್ ಬೇಕೋ ಕೇಳಿ ಮಾಡಿ," ಎಂದು ನಡುಮನೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. ಅಕ್ಕ ತಂದಿದ್ದ ಅವರೆಕಾಯಿ ಬಿಡಿಸಿ ಉಪ್ಪಿಟ್ಟು ಮಾಡಿದೆ. ಭಾವ ಎರಡು ಸಲ ಹಾಕಿಸಿಕೊಂಡು, ಮೂರನೆಯ ಸಲಕ್ಕೆ ತಟ್ಟೆ ಮುಂದೆ ಹಿಡಿದು, "ಧೈರ್ಯದ ಭಾಷಣಕ್ಕಿಂತ ಇದೇ ಚೆನ್ನಾಗಿದೆ," ಎಂದರು. ನನ್ನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ತಿಂಡಿಯಾದ ಮೇಲೆ ದೋಣಿಯನ್ನು ಬುಕ್ಕಾಂಬುಧಿಗೆ ಸಾಗಿಸಿದೆವು. ಜಬ್ಬಾರ್ ಸಾಬರು ಹರಿದ ಹಾಯಿಗೆ ಲಾರಿ ಟಾರ್ಪಾಲಿನ ನೀಲಿ ತೇಪೆ ಹಾಕಿ, ಅಂಚಿಗೆ ಎರಡು ಸಾಲು ಹೊಲಿಗೆ ಹೊಡೆದಿದ್ದರು. "ದೋಣಿ ಒಡೆದುಹೋಗ್ಬಹುದು ಸಾರ್, ಈ ಹೊಲಿಗೆ ಹರಿಯಲ್ಲ," ಎಂದು ಭರವಸೆ ಕೊಟ್ಟಿದ್ದರು. ಕೆರೆಯಲ್ಲಿ ಮೀನು ಹಿಡಿಯುವ ಒಬ್ಬರು ತಮ್ಮ ತೆಪ್ಪದಲ್ಲಿ ನಮ್ಮ ಪಕ್ಕಕ್ಕೇ ಬರಲು ಒಪ್ಪಿದರು. ಅವರು ನಮ್ಮ ಹಾಯಿಯನ್ನೂ ಆಕಾಶವನ್ನೂ ನೋಡಿ, "ಗಾಳಿ ಆಕಡೀಕೆ ಹೊಡೀತೈತೆ. ಹೋಗೋದೇನೋ ಹೋಗ್ತೀರ. ಬರೋದೆಂಗೆ?" ಎಂದರು. "ಹೋದಮೇಲೆ ನೋಡೋಣ," ಎಂದೆ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಮೇಲೆ ಮನುಷ್ಯನಿಗೆ ಇಂಥ ಸಲೀಸು ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ದೋಣಿಯ ಜೊತೆಗೇ ಬಂದಿದ್ದ ತೇಲುವ ರಕ್ಷಾಕವಚ ತೊಟ್ಟು ಸಿರಿ ಹತ್ತಿದಳು, ನಾನು ಹತ್ತಿದೆ. ದೋಣಿ ತಳ್ಳಬೇಕು ಎನ್ನುವಾಗ ಅಕ್ಕ ಸೀರೆ ಎತ್ತಿ ಕಟ್ಟಿ, ತಾನೂ ಒಂದು ಕವಚ ಬಿಗಿದುಕೊಂಡು, "ನಾನೂ ಬತ್ತೀನಿ ಕಣೋ. ಚಿಕ್ಕೋಳಿದ್ದಾಗ ಈ ಏರಿ ಮೇಲೆ ಎಷ್ಟೋ ಸಲ ಓಡಾಡಿದೀನಿ, ನೀರಿಗೆ ಇಳಿಯಕ್ಕೆ ಯಾರೂ ಬಿಡ್ಲಿಲ್ಲ," ಎಂದಳು. ಭಾವ ದಡದಲ್ಲಿ ನಿಂತು ಮಾಡಬೇಕಾದದ್ದನ್ನೆಲ್ಲ ಕೂಗಿ ಹೇಳುತ್ತಿದ್ದರು. ಸಿರಿ ಹಗ್ಗ ಎಳೆದಳು. ಹಾಯಿ ಒಂದು ಸಲ ಪಟಪಟ ಹೊಡೆದು, ಆಮೇಲೆ ಹೊಟ್ಟೆ ತುಂಬಿದವರ ಹಾಗೆ ಉಬ್ಬಿ ಸುಮ್ಮನಾಯಿತು. ದೋಣಿ ಹೊರಟಿತು. ಭಾವನ ದನಿ ಹಿಂದೆ ಹಿಂದೆ ಉಳಿದು ಕೊನೆಗೆ ಕೇಳಿಸದಾಯಿತು.

ಹದಿನೇಳು ವರ್ಷ ನಾನು ನೀರಿನ ಮೇಲೆ ಬದುಕಿದವನು. ಆದರೆ ಸಮುದ್ರವನ್ನು ನೋಡಿದ್ದೆಲ್ಲ ಅಡುಗೆಮನೆಯ ದುಂಡು ಕಿಟಕಿಯಿಂದ, ಒಗ್ಗರಣೆಯ ಹೊಗೆಯ ಆಚೆ. ಬುಕ್ಕಾಂಬುಧಿಯ ನಡುವೆ ಮೊದಲ ಸಲ ನನಗೂ ನೀರಿಗೂ ನಡುವೆ ಗಾಜಿರಲಿಲ್ಲ. ಅಕ್ಕ ಕೈಯನ್ನು ನೀರಿಗೆ ಬಿಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಸಿರಿ ಹಲ್ಲು ಕಚ್ಚಿ ಹಗ್ಗ ಹಿಡಿದಿದ್ದಳು. ಒಂದು ಬೆಳ್ಳಕ್ಕಿ ನಮ್ಮ ಜೊತೆಗೇ ಸ್ವಲ್ಪ ದೂರ ಹಾರಿ, ನಾವು ಯಾರೆಂದು ನೋಡಿ, ಬೇರೆ ಕಡೆ ಹೋಯಿತು.

ದೋಣಿ ಆಚೆ ದಡದ ಹುಲ್ಲಿಗೆ ಮೆತ್ತಗೆ ಹೋಗಿ ನಿಂತಿತು. ಅಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಹೆಂಗಸೊಬ್ಬರು, "ಎಲ್ಲಿಗೆ ಹೊಂಟ್ರಿ?" ಎಂದರು. ಇಲ್ಲಿಗೇ ಎಂದೆವು. ತಿರುಗಿಸಲು ನಾಲ್ಕು ಸಲ ಪ್ರಯತ್ನಿಸಿದೆ. ನಾಲ್ಕು ಸಲವೂ ದೋಣಿ ಅದೇ ಹುಲ್ಲಿಗೆ ಬಂದು ಮೂತಿ ಇಟ್ಟಿತು. ಕೊನೆಗೆ ಭಾವನಿಗೆ ಫೋನ್ ಮಾಡಿದೆ. ಅವರು ಮ್ಯಾಪು ಹಿಡಿದು ವ್ಯಾನು ತಂದರು. ಕೆರೆ ಸುತ್ತಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಎಮ್ಮೆಯ ಯಜಮಾನಿಯ ಜೊತೆ ಮಾತಾಡಿ, ಹೊರಡುವಾಗ ಅವರಿಂದ ಒಂದು ಕುಂಬಳಕಾಯಿ ಸಂಪಾದಿಸಿದ್ದಳು. ದೋಣಿಯನ್ನು ಮೀನಿನವರು ತೆಪ್ಪಕ್ಕೆ ಕಟ್ಟಿಕೊಂಡು ಹಿಂದಕ್ಕೆ ಎಳೆದು ತಂದರು.

ಅವರು ಮೈಸೂರಿಗೆ ಹೋಗಿ ಎರಡು ತಿಂಗಳಾಯಿತು. ಹೊರಡುವಾಗ ಸಿರಿ, "ಬೇಸಿಗೆ ರಜಕ್ಕೆ ಬರೋದ್ರೊಳಗೆ ತಿರುಗಿಸೋದು ಕಲ್ತಿರಿ ತಾತ," ಎಂದು ಹೋಂವರ್ಕ್ ಕೊಟ್ಟಿದ್ದಾಳೆ. ಕಡೂರಿನಲ್ಲಿ ಎಲ್ಲರಿಗೂ ನಿಜ ಹೇಳಿದೆ. ಯಾರೂ ನಂಬಲಿಲ್ಲ, ಕ್ಯಾಪ್ಟನ್ ಎಷ್ಟು ವಿನಯವಂತ ಎಂದು ಇನ್ನೂ ಹೆಚ್ಚು ಹೊಗಳಿದರು. ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ಗಿರಿಜಾಳ ಜೊತೆ ಕೆರೆಗೆ ಹೋಗುತ್ತೇನೆ. ಬುತ್ತಿ ನನ್ನ ಕೈಯದೇ. ಅವಳು ಏರಿಯ ಮೇಲೆ ಕೂತು ತಿನ್ನುತ್ತ ನೋಡುತ್ತಿರುತ್ತಾಳೆ. ಎಡಕ್ಕೆ ತಿರುಗಿಸುವುದು ಈಗ ಚೆನ್ನಾಗಿಯೇ ಬಂದಿದೆ. ಬಲಕ್ಕೆ ಇನ್ನೂ ಬಂದಿಲ್ಲ. ಬಲಕ್ಕೆ ಹೋಗಲೇಬೇಕಾದಾಗ ಮೂರು ಸಲ ಎಡಕ್ಕೆ ತಿರುಗುತ್ತೇನೆ. ಕೆರೆ ದೊಡ್ಡದಿದೆ, ನನಗೂ ಬೇರೆ ಕೆಲಸವಿಲ್ಲ.